ಮಗಳಿಗೊಂದು ಪತ್ರ: ಪೋಸ್ಟ್‌ಡಾಕ್ ಹುಡುಕುವ ಮುನ್ನ

ಚಿತ್ರದುರ್ಗ

ಚಿರಂಜೀವಿ ಸುಮಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಮಹಾಪ್ರಬಂಧ ಸಲ್ಲಿಸಿದ ಮೇಲೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌.ಡಿ. ನಂತರದ ಸಂಶೋಧನಾ ಹುದ್ದೆಯನ್ನು ಹೇಗೆ ಹುಡುಕಬೇಕೆಂದು ಕೇಳಿದ್ದೆ. ಮಳೆಯ ಕಂಪ್ಯೂಟರ್ ಮಾದರಿಗಳಲ್ಲಿ ಪಳಗಿದ, ಫೋರ್ಟ್ರಾನ್ ಮತ್ತು ಪೈಥಾನ್ ಎಂಬ ಎರಡೂ ಪ್ರೋಗ್ರಾಮಿಂಗ್ ಭಾಷೆಗಳನ್ನು ಬಲ್ಲ ನಿನ್ನಂಥವರನ್ನು ಬಯಸುವ ಗುಂಪುಗಳಿಗೆ ಕೊರತೆಯಿಲ್ಲ. ಆದರೆ ‘ಪೋಸ್ಟ್‌ಡಾಕ್’ ಎಂಬ ಒಂದೇ ಹೆಸರಿನಲ್ಲಿ ಹುಡುಕಿದರೆ ಹಲವು ಜಾಹೀರಾತುಗಳು ಕಣ್ತಪ್ಪುತ್ತವೆ. ನಮ್ಮಲ್ಲಿ ಅದೇ ಕೆಲಸ ರಿಸರ್ಚ್ ಅಸೋಸಿಯೇಟ್, ಪ್ರಾಜೆಕ್ಟ್ ಸೈಂಟಿಸ್ಟ್ ಎಂಬ ಹೆಸರುಗಳಲ್ಲಿಯೂ ಇರುತ್ತದೆ. ಬ್ರಿಟನ್ನಿನಲ್ಲಿ ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್ ಎಂಬ ಬೇರೊಂದು ದಾರಿಯೇ ಬೆಳೆದಿದೆ. ಆದ್ದರಿಂದ ಹುದ್ದೆಯ ಹೆಸರನ್ನು ಬಿಟ್ಟು, ನಿನಗೆ ಗೊತ್ತಿರುವ ಮಾದರಿಯ ಹೆಸರಿನಿಂದ ಹುಡುಕು. ಡಬ್ಲ್ಯುಆರ್‌ಎಫ್ ಎಂಬ ಹವಾಮಾನ ಮಾದರಿಯನ್ನು ಬಳಸುವವರು ಯಾರು, ಐಕಾನ್ ಮಾದರಿಯನ್ನು ಬೆಳೆಸುತ್ತಿರುವ ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯವರು ಈಚೆಗೆ ಏನು ಬರೆದಿದ್ದಾರೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಐಐಟಿಎಂನಲ್ಲಿ ಯಾವ ಯೋಜನೆ ನಡೆದಿದೆ ಎಂದು ನೋಡುತ್ತಾ ಹೋದರೆ ಹೆಸರುಗಳು ತಾವಾಗಿಯೇ ಸಿಗುತ್ತವೆ. (ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಐಐಎಸ್‌ಸಿ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಬಂದಿರುವಾಗ ಮೊಮ್ಮಗಳು ದೂರ ಹೋಗುವುದೇಕೆ ಎಂಬುದು ನಿನ್ನ ಅಜ್ಜಿಯ ತಕರಾರು.)

ಯೋಜನೆಯ ಹುದ್ದೆಗೂ ಫೆಲೋಶಿಪ್‌ಗೂ ಇರುವ ವ್ಯತ್ಯಾಸವನ್ನು ಮೊದಲೇ ಅರಿತುಕೋ. ಮೊದಲನೆಯದರಲ್ಲಿ ಹಣವೂ ಪ್ರಶ್ನೆಯೂ ಪ್ರಾಧ್ಯಾಪಕರದು. ಎರಡನೆಯದರಲ್ಲಿ ಪ್ರಸ್ತಾವ ನಿನ್ನದು, ಅವರು ಮಾರ್ಗದರ್ಶಕರು ಮಾತ್ರ. ಕೇಂದ್ರ ಸರ್ಕಾರದ ಸಂಶೋಧನಾ ಅನುದಾನ ಸಂಸ್ಥೆ ಎಎನ್‌ಆರ್‌ಎಫ್‌ನ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಈ ಎರಡನೆಯ ಬಗೆಯದು. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ಕೊನೆಯ ದಿನಾಂಕದೊಳಗೆ ಪಿಎಚ್‌.ಡಿ. ಮೌಖಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಪ್ರಬಂಧ ಸಲ್ಲಿಸಿದರಷ್ಟೇ ಸಾಲದು. ಜೊತೆಗೆ ಹೋಗಬೇಕೆಂದಿರುವ ದೇಶದಲ್ಲಿ ಆ ದಿನಾಂಕದ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸಿಸಿಯೋ ಕೆಲಸ ಮಾಡಿಯೋ ಇರಬಾರದು. ಆದ್ದರಿಂದ ನಿನ್ನ ಮೌಖಿಕ ಪರೀಕ್ಷೆಯ ದಿನಾಂಕವನ್ನು ಬೇಗ ಗೊತ್ತುಮಾಡಿಸಿಕೊಳ್ಳುವುದು ಒಳ್ಳೆಯದು.

ಪ್ರೋಗ್ರಾಮಿಂಗ್ ಬರುತ್ತದೆಂದು ಬಯೋಡೇಟಾದಲ್ಲಿ ಒಂದು ಸಾಲು ಬರೆಯುವುದರಿಂದ ಯಾರೂ ಒಪ್ಪುವುದಿಲ್ಲ, ಏಕೆಂದರೆ ಆ ಸಾಲನ್ನು ಎಲ್ಲರೂ ಬರೆಯುತ್ತಾರೆ. 1933ರ ನಂತರ 2022ರಲ್ಲಿ ನಮ್ಮ ಮಾರಿಕಣಿವೆ ಜಲಾಶಯ ತುಂಬಿ ಕೋಡಿ ಬಿದ್ದ ವರ್ಷದ ಮಳೆಯನ್ನು ನೀನು ಮಾದರಿಯಲ್ಲಿ ಮರಳಿ ಮೂಡಿಸಿದೆಯಲ್ಲ, ಅದರ ಪ್ರೋಗ್ರಾಮ್ ಕೋಡನ್ನು ಮಾರ್ಗದರ್ಶಕರ ಒಪ್ಪಿಗೆ ಪಡೆದು, ಕೋಡ್ ಹಂಚುವ ಜಾಲತಾಣ ಗಿಟ್‌ಹಬ್‌ನಲ್ಲಿ ಇಡು. ಹೇಗೆ ಓಡಿಸಬೇಕೆಂಬ ವಿವರಣೆ, ಕೆಲವು ಪರೀಕ್ಷೆಗಳು, ಒಂದು ಲೈಸೆನ್ಸ್ ಅದರಲ್ಲಿರಲಿ. ಸಂಶೋಧನೆಯ ಕಡತಗಳನ್ನು ಕಾಪಿಡುವ ಝೆನೊಡೊ ತಾಣದಲ್ಲಿ ಸೇರಿಸಿದರೆ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆಯೂ ದೊರೆತು, ಇತರರು ಅದನ್ನು ತಮ್ಮ ಲೇಖನಗಳಲ್ಲಿ ಉಲ್ಲೇಖಿಸಬಹುದು. ಹೊಸಬರೊಬ್ಬರು ಯಾರನ್ನೂ ಕೇಳದೆ ಅದನ್ನು ಓಡಿಸಲು ಸಾಧ್ಯವಾದರೆ, ಶಿಫಾರಸು ಪತ್ರದಷ್ಟೇ ತೂಕ ಅದಕ್ಕೆ ಬರುತ್ತದೆ.

ಪ್ರಾಧ್ಯಾಪಕರಿಗೆ ಬರೆಯುವ ಪತ್ರ ಒಂದು ಪುಟ ಮೀರದಿರಲಿ. ಅವರ ಇತ್ತೀಚಿನ ಲೇಖನವೊಂದನ್ನು ಓದಿ, ಅಲ್ಲಿ ಉಳಿದುಹೋದ ಯಾವ ಪ್ರಶ್ನೆಯನ್ನು ನಿನ್ನ ಕೋಡ್ ಮುಟ್ಟಬಲ್ಲುದೆಂದು ನೇರವಾಗಿ ಹೇಳು.

ಸಂದರ್ಶನದಲ್ಲಿ ನೀನೂ ಕೇಳಬೇಕಾದದ್ದಿದೆ. ಕೋಡ್ ಬಲ್ಲವರು ಸಿಕ್ಕರೆ ಗುಂಪಿನ ಹಳೆಯ ಪ್ರೋಗ್ರಾಮುಗಳನ್ನೆಲ್ಲ ಅವರ ತಲೆಗೆ ಕಟ್ಟುವುದುಂಟು. ಮಾದರಿಯನ್ನು ಜಿಪಿಯು ಎಂಬ ವೇಗದ ಕಂಪ್ಯೂಟರ್ ಚಿಪ್‌ಗೆ ಒಗ್ಗಿಸುವುದರಲ್ಲೇ ಎರಡು ವರ್ಷ ಕಳೆದರೆ ನಿನ್ನ ಹೆಸರಿನ ಲೇಖನ ಯಾವಾಗ ಬರುತ್ತದೆ? ವಾರದಲ್ಲಿ ಎಷ್ಟು ಸಮಯ ನಿನ್ನ ಪ್ರಶ್ನೆಗೆ ಸಿಗುತ್ತದೆ, ಕೋಡ್ ಬರೆದವರ ಹೆಸರು ಲೇಖನದಲ್ಲಿ ಬರುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳು, ಆ ಗುಂಪನ್ನು ಬಿಟ್ಟು ಹೋದವರೊಬ್ಬರನ್ನೂ ವಿಚಾರಿಸು. ಉತ್ತರ ಹಾರಿಕೆಯದಾದರೆ ಸಂಬಳ ಹೆಚ್ಚಿದ್ದರೂ ಆ ಹುದ್ದೆ ಬೇಡವೆಂದೇ ನನ್ನ ಅಭಿಪ್ರಾಯ.

ಸದ್ಯಕ್ಕೆ ಮೂರು ಗುಂಪುಗಳನ್ನು ಆರಿಸಿ, ಮೊದಲ ಪತ್ರದ ಕರಡನ್ನು ನನಗೆ ಕಳುಹಿಸು. ನಿನ್ನ ವಿಷಯ ನನಗೆ ಪೂರ್ತಿ ತಿಳಿಯದಿದ್ದರೂ, ವಾಕ್ಯ ಎಲ್ಲಿ ತೊಡಕಾಗಿದೆ ಎಂದು ಹೇಳಬಲ್ಲೆ.

ಇಂತಿ,
ನಿನ್ನ ಅಪ್ಪ