ಒಂದೇ ಬ್ಯಾಚಿನ ನಾಲ್ಕು ಬಾಟಲಿ ಎಮು ಎಣ್ಣೆಯಲ್ಲಿ ಎರಡು ಬಗೆ: ಹಣ ವಾಪಸಾತಿ ಮತ್ತು ವಿವರಣೆ ಕೋರಿ ದೂರು

ಇವರಿಂದ:
ಕೈತಯಾರಿ ಸೋಪು, ಬಾಮ್ ತಯಾರಕರು
ರಾಜಾಜಿನಗರ, ಬೆಂಗಳೂರು

ಇವರಿಗೆ:
ಕುಂದುಕೊರತೆ ಅಧಿಕಾರಿಯವರು
ಎಮು ಎಣ್ಣೆ ಮಾರಾಟ ವಿಭಾಗ

ವಿಷಯ: ಎಮು ಎಣ್ಣೆಯಲ್ಲಿ ಕಲಬೆರಕೆ, ಅಳತೆಯಲ್ಲಿ ಕೊರತೆ ಮತ್ತು ಲೇಬಲ್ಲಿನ ತಪ್ಪು ಮಾಹಿತಿ

ಮಾನ್ಯರೇ,

ನಿಮ್ಮ ಜಾಲತಾಣದಿಂದ ತಲಾ 2,400 ರೂಪಾಯಿ ಕೊಟ್ಟು 500 ಮಿಲಿಯ ನಾಲ್ಕು ಬಾಟಲಿ ಎಮು ಎಣ್ಣೆ ತರಿಸಿದ್ದೆವು. ನಾಲ್ಕರ ಮೇಲೂ ಒಂದೇ ಬ್ಯಾಚ್ ನಂಬರು, ನಾಲ್ಕರ ಮೇಲೂ 'ನೂರಕ್ಕೆ ನೂರು ಶುದ್ಧ, ರಿಫೈನ್ಡ್' ಎಂಬ ಮಾತು. ಒಳಗಿರುವುದು ಮಾತ್ರ ಎರಡು ಬಗೆ. ಎರಡು ಬಾಟಲಿಗಳಲ್ಲಿ ಎಣ್ಣೆ ಕೆನೆಬಣ್ಣಕ್ಕೆ ತಿರುಗಿ ಅರ್ಧ ಹೆಪ್ಪುಗಟ್ಟಿದೆ, ಇನ್ನೆರಡರಲ್ಲಿ ತಿಳಿನೀರಿನ ಹಾಗಿದೆ. ಗ್ರಾಹಕ ಸೇವೆಗೆ ಫೋನ್ ಮಾಡಿದರೆ, "ಚಳಿಗೆ ಗಟ್ಟಿಯಾಗಿದೆ ಸಾರ್, ಬಿಸಿಲಲ್ಲಿಡಿ, ಸರಿಹೋಗುತ್ತೆ" ಎಂದರು. ಎಣ್ಣೆ ಗಟ್ಟಿಯಾದದ್ದರ ಬಗ್ಗೆ ನಮ್ಮ ತಕರಾರೇ ಇಲ್ಲ. ಈ ಪತ್ರ ಮುಖ್ಯವಾಗಿ ಗಟ್ಟಿಯಾಗದೆ ಉಳಿದವುಗಳ ಬಗ್ಗೆ.

ಎಮು ಹಕ್ಕಿಯ ಬೆನ್ನು ಮತ್ತು ಹೊಟ್ಟೆಯ ಕೊಬ್ಬನ್ನು ಕರಗಿಸಿ, ಸೋಸಿ, ಶುದ್ಧೀಕರಿಸಿದ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಓಲಿಕ್ ಎಂಬ ಕೊಬ್ಬಿನಾಮ್ಲ (ಫ್ಯಾಟಿ ಆಸಿಡ್) ಇರುತ್ತದೆ. ಪಾಮಿಟಿಕ್ 20ರಿಂದ 25 ಶೇಕಡಾ, ಸ್ಟಿಯರಿಕ್ 10ರ ಆಸುಪಾಸು, ಲಿನೋಲಿಕ್ ಕೂಡ ಸರಿಸುಮಾರು ಅಷ್ಟೇ. ಚಳಿಗೆ ಬೇಗ ಗಟ್ಟಿಯಾಗುವ ಪಾಮಿಟಿಕ್, ಸ್ಟಿಯರಿಕ್ ಎರಡೂ ಸೇರಿ ಮೂರನೇ ಒಂದು ಪಾಲಿನ ಹತ್ತಿರ ಬರುವುದರಿಂದ, ಬೆಂಗಳೂರಿನ ಡಿಸೆಂಬರ್ ಬೆಳಗಿನ 16 ಡಿಗ್ರಿಯಲ್ಲಿ ಅದು ಮಂಜುಗಟ್ಟಲೇಬೇಕು. ತಿಳಿಯಾದ ಎರಡು ಬಾಟಲಿಗಳನ್ನು ಫ್ರಿಜ್ಜಿನಲ್ಲಿ 8 ಡಿಗ್ರಿಗೆ ಹನ್ನೆರಡು ಗಂಟೆ ಇಟ್ಟೆವು. ಬಾಟಲಿ ಓರೆ ಮಾಡಿದರೆ ಎಣ್ಣೆ ಸರಕ್ಕನೆ ಕತ್ತಿನವರೆಗೆ ಹರಿಯಿತು. ತಳದಲ್ಲಿ ಸುಣ್ಣದ ನೀರಿನಷ್ಟು ತೆಳು ಬಿಳುಪು ಕಂಡಿತು, ಅಷ್ಟೇ.

ಇದಕ್ಕೆ ಒಂದು ಮುಗ್ಧ ಕಾರಣವೂ ಇರಬಹುದು. ದೊಡ್ಡ ಡ್ರಮ್ಮಿನಲ್ಲಿ ನಿಂತ ಎಮು ಎಣ್ಣೆ ತಾನಾಗಿ ಎರಡು ಪದರವಾಗುತ್ತದೆ: ಮೇಲೆ ತಿಳಿ, ಕೆಳಗೆ ಗಸಿಯಂಥ ಬಿಳಿ ಕೊಬ್ಬು. ಪೂರ್ತಿ ಕರಗಿಸಿ ಕಲಕದೆ ಬಾಟಲಿಗೆ ತುಂಬಿಸಿದರೆ ಮೊದಲಿನವಕ್ಕೆ ತಿಳಿ ಹೋಗುತ್ತದೆ, ಕೊನೆಯವಕ್ಕೆ ಗಟ್ಟಿ. ತುಂಬಿಸುವ ಮುನ್ನ ಡ್ರಮ್ಮನ್ನು 45 ಡಿಗ್ರಿಯವರೆಗೆ ಬಿಸಿ ಮಾಡಿ, ತಳದಿಂದ ನಿಧಾನವಾಗಿ ಕಲಕಬೇಕು. ಇದು ಈ ಎಣ್ಣೆಯ ಕೆಲಸದಲ್ಲಿ ಅಕ್ಷರಾಭ್ಯಾಸವಿದ್ದ ಹಾಗೆ. ನಿಮ್ಮಲ್ಲಿ ಹೀಗೇ ಎಡವಟ್ಟಾಗಿರಬಹುದೆಂದು ಮೊದಲು ನಾವೂ ಅಂದುಕೊಂಡೆವು.

ಆದರೆ ಪದರ ಬೇರೆಯಾದರೂ ಎಣ್ಣೆ ಒಂದೇ ಆಗಿದ್ದರೆ ಸಪೋನಿಫಿಕೇಶನ್ ಮೌಲ್ಯ, ಅಂದರೆ ಒಂದು ಗ್ರಾಂ ಎಣ್ಣೆ ಸೋಪಾಗಲು ಎಷ್ಟು ಮಿಲಿಗ್ರಾಂ ಪೊಟ್ಯಾಶ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ) ಬೇಕು ಎಂಬ ಲೆಕ್ಕ, ಹೆಚ್ಚು ಕಡಿಮೆ ಒಂದೇ ಬರಬೇಕು. ಪ್ರತಿ ಬಾಟಲಿಯನ್ನೂ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಕಲಕಿ, 2 ಗ್ರಾಂ ಎಣ್ಣೆ ತೆಗೆದುಕೊಂಡೆವು. ಅದಕ್ಕೆ ಆಲ್ಕೊಹಾಲಿನಲ್ಲಿ ಕರಗಿಸಿದ ಅರ್ಧ ನಾರ್ಮಲ್ ಸಾಂದ್ರತೆಯ ಪೊಟ್ಯಾಶ್ 25 ಮಿಲಿ ಹಾಕಿ ಒಂದು ಗಂಟೆ ರಿಫ್ಲಕ್ಸ್ ಮಾಡಿ (ಆವಿ ತಣಿದು ಮರಳಿ ಬೀಳುವಂತೆ ಕುದಿಸಿ), ಕ್ಷಾರವಿದ್ದರೆ ಗುಲಾಬಿಯಾಗುವ ಫಿನಾಲ್ಫ್ಥಲೀನ್ ಬಳಸಿ ಅರ್ಧ ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಟೈಟ್ರೇಟ್ ಮಾಡಿದೆವು, ಅಂದರೆ ಉಳಿದ ಕ್ಷಾರ ಎಷ್ಟೆಂದು ಅಳೆದೆವು. ಜತೆಗೆ ಹೋಲಿಕೆಗೆಂದು ಎಣ್ಣೆಯಿಲ್ಲದ ಬ್ಲ್ಯಾಂಕ್ ಕೂಡ ಇಟ್ಟಿದ್ದೆವು. ಗಟ್ಟಿ ಬಾಟಲಿಗಳದ್ದು 193 ಮತ್ತು 194 ಬಂತು. ಎಮು ಎಣ್ಣೆಗೆ 190ರಿಂದ 200ರ ನಡುವೆ ಬರಬೇಕಾದ್ದು, ಬಂದಿದೆ. ತಿಳಿ ಬಾಟಲಿಗಳದ್ದು 141 ಮತ್ತು 143.

ಸೂರ್ಯಕಾಂತಿಯನ್ನೋ ಪಾಮೋಲಿನ್ ಅನ್ನೋ ಬೆರೆಸಿದ್ದರೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿರಲಿಲ್ಲ, ಏಕೆಂದರೆ ಅವುಗಳ ಮೌಲ್ಯವೂ 190ರ ಸುತ್ತಲೇ ಇದೆ. ಜೊಜೋಬಾದ್ದು 90ರ ಸುತ್ತ. ಆದರೆ ಅಷ್ಟು ದುಬಾರಿ ಎಣ್ಣೆಯನ್ನು ಕಲಬೆರಕೆಗೆ ಬಳಸುವ ಉದಾರಿಗಳನ್ನು ನಾವಿನ್ನೂ ಕಂಡಿಲ್ಲ. ಉಳಿಯುವುದು ಮಿನರಲ್ ಆಯಿಲ್, ಅಂದರೆ ಲಿಕ್ವಿಡ್ ಪ್ಯಾರಫಿನ್. ಅದು ಸೋಪೇ ಆಗುವುದಿಲ್ಲ, ಮೌಲ್ಯ ಸೊನ್ನೆ. 193 ಇರಬೇಕಾದ್ದು 141ಕ್ಕೆ ಇಳಿಯಬೇಕಾದರೆ ಬಾಟಲಿಯಲ್ಲಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಅದೇ ಇರಬೇಕು. ಟೈಟ್ರೇಶನ್ ಮುಗಿದ ಫ್ಲಾಸ್ಕಿಗೆ ಬಿಸಿನೀರು ಹಾಕಿದಾಗ ಅನುಮಾನವೂ ಉಳಿಯಲಿಲ್ಲ: ಗಟ್ಟಿ ಬಾಟಲಿಯ ಮಾದರಿ ಕರಗಿತು, ತಿಳಿ ಬಾಟಲಿಯದರಲ್ಲಿ ಗಾಜಿನ ಅಂಚಿಗೆ ಉಂಗುರದ ಹಾಗೆ ಎಣ್ಣೆ ತೇಲಿ ನಿಂತಿತು.

ಲಿಕ್ವಿಡ್ ಪ್ಯಾರಫಿನ್ ವಿಷವೇನಲ್ಲ, ಕಾಸ್ಮೆಟಿಕ್ ದರ್ಜೆಯದು ಎಷ್ಟೋ ಕ್ರೀಮುಗಳಲ್ಲಿದೆ. ಹೆಸರು ಹೇಳಿ, ಅದರ ಬೆಲೆಗೇ ಮಾರಬೇಕು. ತಯಾರಕರಿಗೆ ಇದರಿಂದಾಗುವ ತೊಂದರೆ ಬೇರೆ. ಸೋಪು ಮಾಡಲು 100 ಗ್ರಾಂ ಎಮು ಎಣ್ಣೆಗೆ 13.6 ಗ್ರಾಂ ಕಾಸ್ಟಿಕ್ ಸೋಡಾ ಲೆಕ್ಕ. ಶೇಕಡಾ 5 ಎಣ್ಣೆ ಉಳಿಯಲೆಂದು 12.9 ಗ್ರಾಂ ಹಾಕುತ್ತೇವೆ. ತಿಳಿ ಬಾಟಲಿಯ ಎಣ್ಣೆಗೆ ಬೇಕಾಗಿದ್ದದ್ದು 10 ಗ್ರಾಂ ಮಾತ್ರ. ಹೆಚ್ಚಾದ ಸುಮಾರು 3 ಗ್ರಾಂ ಕಾಸ್ಟಿಕ್ ಸೋಪಿನಲ್ಲೇ ಉಳಿಯಿತು. ನಾಲ್ಕು ವಾರ ಒಣಗಿಸಿದ ಬಿಲ್ಲೆಯ ಮೇಲೆ ಫಿನಾಲ್ಫ್ಥಲೀನ್ ಹನಿ ಬಿದ್ದೊಡನೆ ಕಡುಗುಲಾಬಿಯಾಯಿತು. ಮೇಲ್ಮೈಯಲ್ಲಿ ಜಿಡ್ಡು ಬೆವರು, ಒಳಗೆ ಚರ್ಮ ಸುಡುವ ಕ್ಷಾರ. ಇದನ್ನು ಯಾರಾದರೂ ಮುಖಕ್ಕೆ ಹಚ್ಚಿದ್ದರೆ ಉತ್ತರ ಹೇಳಬೇಕಾದವರು ನಾವು.

ಬಿಸಿಲಲ್ಲಿಡಿ ಎಂಬ ಸಲಹೆಯನ್ನು ದಯವಿಟ್ಟು ಇನ್ಯಾರಿಗೂ ಕೊಡಬೇಡಿ. ಬೆಳಕು, ಶಾಖ, ಗಾಳಿ ಮೂರೂ ಸೇರಿದರೆ ಎಣ್ಣೆ ಹಳಸಿ ಕಮಟು ವಾಸನೆ ಬರುತ್ತದೆ. 45 ಡಿಗ್ರಿ ನೀರಿನಲ್ಲಿ ಬಾಟಲಿಯನ್ನು ಹದಿನೈದು ನಿಮಿಷ ನಿಲ್ಲಿಸಿ ನಾಲ್ಕೈದು ಸಲ ಉರುಳಿಸಿದರೆ ಸಾಕು. ಅಂದಹಾಗೆ, ನೀವು ಕಳಿಸುವುದೇ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ. ಕಂದು ಗಾಜಿನದೋ ಅಲ್ಯೂಮಿನಿಯಮ್ಮಿನದೋ ಆಗಬೇಕಿತ್ತು. ನಾಲ್ಕರಲ್ಲೂ ನಿವ್ವಳ ತೂಕ 418ರಿಂದ 424 ಗ್ರಾಂ ಇದೆ. 500 ಮಿಲಿ ಎಮು ಎಣ್ಣೆ 455 ಗ್ರಾಮಿನಷ್ಟು ತೂಗಬೇಕು. ಪ್ಯಾರಫಿನ್ ಹಗುರವೆಂದು ರಿಯಾಯಿತಿ ಕೊಟ್ಟರೂ ಲೆಕ್ಕ ಕೂಡುವುದಿಲ್ಲ.

ಇನ್ನು ಲೇಬಲ್ಲು. 'ಸುಟ್ಟ ಗಾಯಕ್ಕೆ ತಕ್ಷಣ ಹಚ್ಚಿ' ಎಂದು ದಪ್ಪಕ್ಷರದಲ್ಲಿದೆ. ಸುಟ್ಟ ತಕ್ಷಣ ಮಾಡಬೇಕಾದದ್ದು ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿಯುವುದು. ಆ ಹೊತ್ತಿಗೆ ಎಣ್ಣೆ ಸವರಿದರೆ ಬಿಸಿ ಒಳಗೇ ಉಳಿಯುತ್ತದೆ. 'ತೊನ್ನು ಮಾಯ' ಎಂಬ ಸಾಲು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಜಾಹೀರಾತು ಕಾಯ್ದೆಯ ನಿಷೇಧಿತ ಪಟ್ಟಿಗೆ ನೇರವಾಗಿ ಬೀಳುತ್ತದೆ. ಎಲ್ಲಕ್ಕಿಂತ ಸೋಜಿಗದ್ದು ಹಸಿರು ಚುಕ್ಕೆ. ಹಕ್ಕಿಯ ಕೊಬ್ಬು ಸಸ್ಯಾಹಾರವಾದದ್ದು ಯಾವಾಗ? ಕೇಳಿದ್ದಕ್ಕೆ, "ಹಕ್ಕಿಗೆ ಏನೂ ಆಗಲ್ಲ, ಎಣ್ಣೆ ಮಾತ್ರ ತೆಗೀತಾರೆ" ಎಂದರು ನಿಮ್ಮ ಸಿಬ್ಬಂದಿ. ಹಕ್ಕಿಯನ್ನು ಕೊಂದ ಮೇಲೆಯೇ ಈ ಕೊಬ್ಬು ಸಿಗುವುದು. ಶ್ರಾವಣದಲ್ಲಿ ಮೊಟ್ಟೆಯನ್ನೂ ಒಳಗೆ ಬಿಡದ ಮನೆಗಳು ನಿಮ್ಮ ಚುಕ್ಕೆ ನಂಬಿ ನಮ್ಮಿಂದ ಬಾಮ್ ಕೊಂಡಿದ್ದರೆ?

ಇಷ್ಟೆಲ್ಲ ಸುಳ್ಳು ಹೇಳುವ ಅಗತ್ಯವೇ ಈ ಎಣ್ಣೆಗಿಲ್ಲ. ಮೈಶಾಖಕ್ಕೆ ಕರಗಿ ಜಿಡ್ಡು ಉಳಿಸದೆ ಹರಡುತ್ತದೆ, ಒಣ ಚರ್ಮದ ತೇವ ಹಿಡಿದಿಡುತ್ತದೆ. 1996ರಲ್ಲಿ 11 ಜನರ ಮೇಲೆ ನಡೆದ ಒಂದು ಪುಟ್ಟ ಪ್ರಯೋಗದಲ್ಲಿ, ನೀವು ಬೆರೆಸಿರುವ ಆ ಮಿನರಲ್ ಆಯಿಲ್‌ಗಿಂತ ಎಮು ಎಣ್ಣೆಯೇ ತೇವ ಹಿಡಿಯುವುದರಲ್ಲಿ ಮೇಲೆಂದು ಬಂದಿತ್ತು. ಉರಿಯೂತ ತಗ್ಗಿಸುವ ಗುಣ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಅಷ್ಟಕ್ಕೇ ಅದನ್ನು ಮದ್ದೆಂದು ಮಾರಲಾಗದು. ಸ್ನಾನದ ನಂತರ ಒದ್ದೆ ಮೈಗೆ ಮೂರು ನಾಲ್ಕು ಹನಿ, ಒಡೆದ ಹಿಮ್ಮಡಿಗೆ ರಾತ್ರಿ ಸ್ವಲ್ಪ ಹೆಚ್ಚು, ಮೊದಲ ಸಲವಾದರೆ ಮೊಣಕೈ ಒಳಮಡಿಕೆಗೆ ಹಚ್ಚಿ ಒಂದು ದಿನ ಕಾಯುವುದು: ಬಾಟಲಿಯ ಮೇಲೆ ಇಷ್ಟು ಬರೆಯಿರಿ. ಓಲಿಕ್ ಹೆಚ್ಚಿರುವ ಎಣ್ಣೆ ಚರ್ಮದ ಮೇಲ್ಪದರವನ್ನು ಸಡಿಲಿಸುತ್ತದೆ. ಆದ್ದರಿಂದ ಇಸುಬಿನ ತೊಂದರೆಯಿರುವ ಮಕ್ಕಳಿಗೆ ವೈದ್ಯರನ್ನು ಕೇಳದೆ ಬೇಡ ಎಂದೂ ಸೇರಿಸಿ.

ನಾಲ್ಕೂ ಬಾಟಲಿಗಳ 9,600 ರೂಪಾಯಿಯನ್ನು ಪೂರ್ತಿ ಹಿಂದಿರುಗಿಸಬೇಕು. ಈ ಬ್ಯಾಚಿನ ಪ್ರಯೋಗಾಲಯ ವರದಿ ಕಳಿಸಬೇಕು: ಸಪೋನಿಫಿಕೇಶನ್ ಮೌಲ್ಯ, ಪೆರಾಕ್ಸೈಡ್ ಮೌಲ್ಯ (ಎಣ್ಣೆ ಎಷ್ಟು ಹಳಸಿದೆ ಎಂಬುದರ ಅಳತೆ), ಫ್ಯಾಟಿ ಆಸಿಡ್ ವಿವರ ಮೂರೂ ಇರಲಿ. ವರದಿ ಬರುವವರೆಗೆ ಉಳಿದ ಬಾಟಲಿಗಳ ಮಾರಾಟ ನಿಲ್ಲಿಸಿ, ಈಗಾಗಲೇ ಕೊಂಡವರಿಗೆ ಮೆಸೇಜ್ ಕಳಿಸಬೇಕು. ಸೋಪು ಮಾಡುವವರಿಗಂತೂ ಇವತ್ತೇ.

ತೆರೆದ ಬಾಟಲಿ ವಾಪಸ್ ಇಲ್ಲ ಎಂದಿದ್ದೀರಿ. ತೆರೆಯದೆ ಪರೀಕ್ಷಿಸುವ ವಿದ್ಯೆ ನಮಗೆ ಬಾರದು. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಎಂದೂ ನಿಮ್ಮವರು ಹೇಳಿದರು. ಸ್ವಯಂ ಉದ್ಯೋಗದಿಂದ ಹೊಟ್ಟೆಹೊರೆಯಲೆಂದೇ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರೇ. 2020ರ ಇ-ಕಾಮರ್ಸ್ ನಿಯಮಗಳಂತೆ ಈ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕಾದದ್ದು ನಿಮ್ಮ ಹೊಣೆ. ಆಗದಿದ್ದರೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೂ, ತೂಕದ ವಿಚಾರವಾಗಿ ಕಾನೂನು ಮಾಪನಶಾಸ್ತ್ರ ಇಲಾಖೆಗೂ, ಲೇಬಲ್ಲಿನ ವಿಚಾರವಾಗಿ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೂ ಇದೇ ಪತ್ರದ ಪ್ರತಿ ಹೋಗುತ್ತದೆ.

ನಾಲ್ಕೂ ಬಾಟಲಿಗಳಿಂದ ತಲಾ 100 ಮಿಲಿ ಕಂದು ಗಾಜಿನ ಸೀಸೆಗೆ ಹಾಕಿ, ಮೊಹರು ಮಾಡಿ ಇಟ್ಟಿದ್ದೇವೆ. ನಿಮ್ಮ ಪ್ರತಿನಿಧಿ ಬಂದರೆ ಅವರೆದುರೇ ಒಡೆದು, ಎರಡನೇ ಸಲ ಟೈಟ್ರೇಟ್ ಮಾಡಿ ತೋರಿಸುತ್ತೇವೆ. ಬರುವ ಹಿಂದಿನ ದಿನ ತಿಳಿಸಿ, ಪೊಟ್ಯಾಶ್ ದ್ರಾವಣ ಹೊಸದಾಗಿ ಮಾಡಿಕೊಳ್ಳಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ಕೈತಯಾರಿ ಸೋಪು, ಬಾಮ್ ತಯಾರಕರು

ಲಗತ್ತು: ಬಿಲ್ಲಿನ ಪ್ರತಿ, ನಾಲ್ಕು ಬಾಟಲಿಗಳ ಫೋಟೊ, ತೂಕ ಮತ್ತು ಟೈಟ್ರೇಶನ್ ದಾಖಲೆ