ಬರ ಪರಿಹಾರದ ಹಣ ಸಾಲಕ್ಕೆ ಮುರಿದುಕೊಂಡಿದ್ದೀರಿ, ವಾಪಸ್ ಕೊಡಿ

ದಿನಾಂಕ: 24 ಜೂನ್ 2024

ಶಾಖೆಯ ಮ್ಯಾನೇಜರ್ ಅವರಿಗೆ,

ವಿಷಯ: ಬೆಳೆ ಪರಿಹಾರದ 6,500 ರೂಪಾಯಿಯನ್ನು ಬೆಳೆಸಾಲಕ್ಕೆ ಜಮಾ ಮಾಡಿಕೊಂಡಿರುವುದು ಮತ್ತು ಪಿಎಂ ಕಿಸಾನ್ ಹಣ ತಡೆಹಿಡಿದಿರುವುದು.

ಮಾನ್ಯರೇ,

ಚಳ್ಳಕೆರೆ ತಾಲೂಕಿನಲ್ಲಿ ನನಗೆ 2 ಎಕರೆ 19 ಗುಂಟೆ ಒಣಭೂಮಿ ಇದೆ. ಹೆಚ್ಚುಕಡಿಮೆ ಒಂದು ಹೆಕ್ಟೇರ್. ಹಾಕುವುದು ಶೇಂಗಾ. ಹೋದ ವರ್ಷ ಮುಂಗಾರು ಕೈಕೊಟ್ಟಿದ್ದು ನಿಮಗೂ ಗೊತ್ತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು, ನಮ್ಮದೂ ಅದರಲ್ಲಿತ್ತು. ಹೂವಿಗೆ ಬಂದ ಗಿಡ ಹೊಲದಲ್ಲೇ ಒಣಗಿತು. ಕಿತ್ತು ನೋಡಿದರೆ ಬುಡದಲ್ಲಿ ಕಾಯಿಯೇ ಇಲ್ಲ. ಬಿತ್ತನೆಗೆ ಎತ್ತಿಡಲು ಒಂದು ಸೇರೂ ಸಿಗಲಿಲ್ಲ.

ಮಳೆ ನಂಬಿದ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಪರಿಹಾರ. ಜನವರಿಯಲ್ಲಿ 2,000 ಬಂತು. ಉಳಿದ 6,500 ಮೇ ತಿಂಗಳಲ್ಲಿ ಬಂತು. ಮೊಬೈಲಿಗೆ ಮೆಸೇಜ್ ಬಂದ ದಿನ ಮನೆಯಲ್ಲಿ ಎಲ್ಲರೂ ಕೂತು, ಇದನ್ನು ಬೇರೆ ಯಾವುದಕ್ಕೂ ಮುಟ್ಟಬಾರದು, ಬಿತ್ತನೆ ಶೇಂಗಾಕ್ಕೇ ಇಡಬೇಕು ಎಂದು ಮಾತಾಡಿಕೊಂಡೆವು.

ಹಣ ತೆಗೆಯಲು ಬಂದರೆ ಖಾತೆಯಲ್ಲಿ ಏನೂ ಇರಲಿಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗಲೇ ಗೊತ್ತಾಗಿದ್ದು, ಬಂದ ಮಾರನೇ ದಿನವೇ ಅಷ್ಟೂ ಹಣ ಸಾಲದ ಖಾತೆಗೆ ಹೋಗಿದೆ. ಕೇಳಿದ್ದಕ್ಕೆ ಕೌಂಟರಿನವರು “ಸಿಸ್ಟಮ್ಮೇ ತಗೊಂಡಿದೆ, ನಾವೇನೂ ಮಾಡೋಕಾಗಲ್ಲ” ಎಂದರು. ನನ್ನ ಸಹಿ ಇಲ್ಲ, ಒಂದು ಫೋನ್ ಇಲ್ಲ, ನೋಟಿಸ್ ಇಲ್ಲ. ಹೀಗೆ ಮಾಡಬಹುದೇ? ಈ ತಿಂಗಳು 18ಕ್ಕೆ ಬಿಡುಗಡೆಯಾದ ಪಿಎಂ ಕಿಸಾನ್ 17ನೇ ಕಂತಿನ 2,000 ರೂಪಾಯಿಯೂ ಬಂದಿದೆ, ಆದರೆ ಖಾತೆ ಹೋಲ್ಡ್ ಮಾಡಿರುವುದರಿಂದ ಅದೂ ಕೈಗೆ ಸಿಗುತ್ತಿಲ್ಲ.

ನಾನು 2022ರಲ್ಲಿ 60,000 ರೂಪಾಯಿ ಬೆಳೆಸಾಲ ತೆಗೆದುಕೊಂಡಿದ್ದು ನಿಜ. ಕಟ್ಟುವುದಿಲ್ಲ ಎಂದು ಯಾವತ್ತೂ ಹೇಳಿಲ್ಲ, ಹಿಂದಿನ ಸಾಲಗಳನ್ನೆಲ್ಲ ಕಟ್ಟಿದ್ದೇನೆ, ನಿಮ್ಮ ದಾಖಲೆಯಲ್ಲೇ ಇದೆ. ಆದರೆ ಪರಿಹಾರ ನನ್ನ ಸಂಪಾದನೆ ಅಲ್ಲ. ಬೆಳೆ ಹೋದವನು ಮತ್ತೆ ಬಿತ್ತಲಿ ಎಂದು ಕೊಟ್ಟಿದ್ದು. ಅದನ್ನು ಸಾಲಕ್ಕೆ ಮುರಿದುಕೊಳ್ಳಬಾರದು ಎಂದು ಸರ್ಕಾರವೇ ಬ್ಯಾಂಕುಗಳಿಗೆ ಹೇಳಿದೆ, ಅಲ್ವಾ? ಬರ ಘೋಷಣೆಯಾದ ಕಡೆ ಬೆಳೆ 33 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿದ್ದರೆ ಬೆಳೆಸಾಲವನ್ನು ಅವಧಿ ಸಾಲವಾಗಿ, ಅಂದರೆ ಹೆಚ್ಚು ಕಾಲದಲ್ಲಿ ಕಂತು ಕಂತಾಗಿ ಕಟ್ಟುವ ಸಾಲವಾಗಿ, ಬದಲಾಯಿಸಲು ರಿಸರ್ವ್ ಬ್ಯಾಂಕ್ ದಾರಿ ಕೊಟ್ಟಿದೆ. ಆ ವಿಷಯವನ್ನು ನಿಮ್ಮ ಶಾಖೆಯವರು ನನಗೆ ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ ಅಂದೇ ಅರ್ಜಿ ಕೊಡುತ್ತಿದ್ದೆ.

ಆರಿದ್ರಾ ಮಳೆ ಶುರುವಾಗಿದೆ. ಅಕ್ಕಪಕ್ಕದ ಹೊಲಗಳಲ್ಲಿ ಕೂರಿಗೆ ಹೂಡಿದ್ದಾರೆ. ನನ್ನ ಹೊಲ ಹದವಾಗಿದೆ, ಬೀಜ ಇಲ್ಲ. ಕೈಸಾಲ ಕೇಳಿದರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಹೇಳುತ್ತಾರೆ.

ಹಾಗಾಗಿ 6,500 ರೂಪಾಯಿಯನ್ನು ಈ ವಾರದೊಳಗೆ ಉಳಿತಾಯ ಖಾತೆಗೆ ವಾಪಸ್ ಹಾಕಿ, ಹೋಲ್ಡ್ ತೆಗೆಯಿರಿ. ಸಾಲವನ್ನು ಅವಧಿ ಸಾಲ ಮಾಡಲು ಅರ್ಜಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯುತ್ತೇನೆ. ಆದರೆ ಬಿತ್ತನೆ 30 ದಿನ ಕಾಯುವುದಿಲ್ಲ, ದಯವಿಟ್ಟು ಅದನ್ನು ನೆನಪಿಟ್ಟು ಬೇಗ ಮಾಡಿಕೊಡಿ. ಈ ಪತ್ರ ತಲುಪಿದ್ದಕ್ಕೆ ಸೀಲು ಹಾಕಿದ ಒಂದು ಪ್ರತಿಯೂ ಬೇಕು.

ಇಂತಿ,
ನಿಮ್ಮ ಶಾಖೆಯ ಖಾತೆದಾರ ರೈತ

ಜೊತೆಗೆ: ಪಾಸ್‌ಬುಕ್ ನಕಲು, ಪಹಣಿ, ಪರಿಹಾರ ಜಮಾ ಆದ ಮೆಸೇಜಿನ ಪ್ರಿಂಟ್, ಅವಧಿ ಸಾಲದ ಅರ್ಜಿ