ಮಳೆ ತಡೆಯದ ಹೊರಾಂಗಣ ದೀಪಗಳು: ಹಣ ವಾಪಸ್ ಕೇಳಿ ದೂರು

ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ
11-08-2025

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಐಪಿ65 (ಧೂಳು, ನೀರು ತಡೆಯುವ ದರ್ಜೆ) ಎಂದು ಹೇಳಿ ಮಾರಿದ 10 ಹೊರಾಂಗಣ ದೀಪಗಳ ಹಣ ವಾಪಸಾತಿ ಮತ್ತು 14 ಒಳಾಂಗಣ ದೀಪಗಳ ಬದಲಾವಣೆ

ಮಾನ್ಯರೇ,

ಇದು ನಿಮ್ಮ ಕಂಪನಿಗೆ ನನ್ನ ನಾಲ್ಕನೇ ದೂರು. ಮೊದಲ ಮೂರನ್ನು ಫೋನಿನಲ್ಲಿ ಹೇಳಿದ್ದೆ. ಪ್ರತಿ ಸಲವೂ ಒಂದು ಟಿಕೆಟ್ ನಂಬರ್ ಕೊಟ್ಟಿರಿ. ಎರಡು ದಿನ ಬಿಟ್ಟು ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಅಂತ ಮೆಸೇಜು ಬಂತು. ಬಂದು ನೋಡಿದವರು ಯಾರೂ ಇಲ್ಲ, ಬಗೆಹರಿದದ್ದೂ ಇಲ್ಲ. ಅದಕ್ಕೇ ಈ ಸಲ ಬರೆದು, ಫೋಟೊ ಸಮೇತ ಕಳಿಸುತ್ತಿದ್ದೇನೆ.

ನಮ್ಮ ಹೊಸ ಮನೆಯ ಗೃಹಪ್ರವೇಶ ಏಪ್ರಿಲ್ 30ರಂದು, ಅಕ್ಷಯ ತೃತೀಯದ ದಿನ ಆಯಿತು. ಅದಕ್ಕೆ ಎರಡು ವಾರ ಮೊದಲು ನಿಮ್ಮ ವೆಬ್‌ಸೈಟಿನಲ್ಲಿ ‘ಪೂರ್ತಿ ಮನೆಯ ದೀಪ’ ಅನ್ನೋ ಪ್ಯಾಕೇಜು ನೋಡಿ ಆರ್ಡರ್ ಮಾಡಿದೆ. ಒಳಗಿಗೆ 24 ಡೌನ್‌ಲೈಟು, ಹೊರಗೋಡೆಗೆ 8 ದೀಪ, ಗೇಟಿನ ಕಂಬಕ್ಕೆ 2, ಅಂಗಳಕ್ಕೆ ಒಂದು ಫ್ಲಡ್‌ಲೈಟು. ಒಟ್ಟು 46,850 ರೂಪಾಯಿ. ಪೂರ್ತಿ ಹಣ ಮುಂಗಡ ಕೊಟ್ಟಿದ್ದೇನೆ. ಬಿಲ್ಲಿನ ನಕಲು ಜೊತೆಗಿದೆ.

ಆರ್ಡರ್ ಮಾಡುವಾಗ ನಿಮ್ಮ ಸಲಹೆಗಾರರಿಗೆ ನಾನು ಕೇಳಿದ ಮೊದಲ ಪ್ರಶ್ನೆಯೇ ಮಳೆಯದ್ದು. ನಮ್ಮದು ಮಲೆನಾಡು, ಮಳೆ ಮೇಲಿಂದ ಮಾತ್ರ ಬರಲ್ಲ, ಗಾಳಿ ಜೊತೆ ಅಡ್ಡಡ್ಡ ಹೊಡೆಯುತ್ತದೆ, ಸೂರಿನ ಕೆಳಗಿನ ಗೋಡೆಯೂ ತೊಯ್ಯುತ್ತದೆ ಅಂತ ಹೇಳಿದ್ದೆ. ‘ಐಪಿ65 ಮೇಡಂ, ಪೈಪು ಹಿಡಿದು ನೀರು ಹೊಡೆದರೂ ಏನೂ ಆಗಲ್ಲ’ ಅಂದರು. ಆ ವಾಟ್ಸಾಪ್ ಮೆಸೇಜು ಇನ್ನೂ ನನ್ನ ಹತ್ತಿರ ಇದೆ.

ಈ ವರ್ಷ ಮುಂಗಾರು ಮೇ ಕೊನೆಯಲ್ಲೇ ಬಂತು. ಜೂನ್ ಮೊದಲ ವಾರದಲ್ಲಿ ಗೇಟಿನ ಎಡಗಡೆ ಕಂಬದ ದೀಪ ಮಿಣಮಿಣ ಅನ್ನಲು ಶುರುವಾಯಿತು. ವೋಲ್ಟೇಜ್ ಇರಬೇಕು ಅಂದುಕೊಂಡೆವು. ಜೂನ್ 14ರ ರಾತ್ರಿ ಜೋರು ಮಳೆ. ಒಂಬತ್ತೂವರೆಗೆ ಇಡೀ ಮನೆಯ ಕರೆಂಟು ಹೋಯಿತು. ಪಕ್ಕದ ಮನೆಯಲ್ಲಿ ಇದೆ, ನಮ್ಮಲ್ಲಿ ಮಾತ್ರ ಇಲ್ಲ. ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್, ಆರ್‌ಸಿಸಿಬಿ, ಬಿದ್ದಿತ್ತು. ಎತ್ತಿದರೆ ಮತ್ತೆ ಬೀಳುತ್ತದೆ. ಹೊಸ ಮನೆಯಲ್ಲಿ ಆ ರಾತ್ರಿ ಮೇಣದಬತ್ತಿ ಹಚ್ಚಿಕೊಂಡು ಊಟ ಮಾಡಿದೆವು.

ಮಾರನೇ ದಿನ ನಮ್ಮೂರಿನ ವೈರ್‌ಮನ್ ಬಂದು ಹೊರಗಿನ ಲೈನು ಬಿಡಿಸಿದರು, ಆರ್‌ಸಿಸಿಬಿ ನಿಂತಿತು. ಆಮೇಲೆ ಒಂದೊಂದೇ ದೀಪ ಕಳಚುತ್ತಾ ಬಂದರು. ಗೇಟಿನ ಎಡಗಡೆ ದೀಪವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಒಳಗೆ ಗುಳುಗುಳು ಸದ್ದು. ‘ಅಮ್ಮಾ, ಇದು ದೀಪ ಅಲ್ಲ, ಗಿಂಡಿ’ ಅಂದರು.

ಅದನ್ನು ಜಗಲಿಯ ಮೇಲೆ ಪೇಪರ್ ಹಾಸಿ ಬಿಚ್ಚಿದೆವು. ನಾಲ್ಕು ಸ್ಕ್ರೂ. ಗಾಜಿನ ಸುತ್ತ ರಬ್ಬರ್ ಗ್ಯಾಸ್ಕೆಟ್ ಕೂರಲು ಸಣ್ಣ ಕಾಲುವೆ ಇದೆ, ಆದರೆ ಅದರಲ್ಲಿ ರಬ್ಬರೇ ಇಲ್ಲ. ಮೇಲ್ಗಡೆ ಮಾತ್ರ ಒಂದು ಗೆರೆ ಸಿಲಿಕಾನ್ ಎಳೆದಿದ್ದಾರೆ. ಅಡಿಯಲ್ಲಿ ಮೂರು ಚಮಚದಷ್ಟು ಕಂದು ನೀರು, ಅದರಲ್ಲಿ ತೇಲುತ್ತಿದ್ದ ಮಳೆಹುಳದ ರೆಕ್ಕೆಗಳು. ಎಲ್‌ಇಡಿ ಕೂರಿಸಿದ ತಗಡಿನ ಅಂಚಿಗೆ ಆಗಲೇ ಬಿಳಿ ಹುಡಿ ಹಿಡಿದಿತ್ತು. ಇನ್ನು ವೈರು ಒಳಗೆ ಹೋಗುವ ತೂತು. ಅದಕ್ಕೆ ಬಿಗಿ ಮಾಡುವ ಗ್ಲ್ಯಾಂಡ್ ಇರಬೇಕಿತ್ತು, ಇಲ್ಲಿ ಬರೀ ತೂತು.

ಮುಖ್ಯ ಸಂಗತಿ ಇದಲ್ಲ. ದೀಪದ ಹಿಂಭಾಗದಲ್ಲಿ ‘ಐಪಿ65’ ಅಂತ ಬೆಳ್ಳಿ ಬಣ್ಣದ ಸ್ಟಿಕ್ಕರ್ ಇದೆ. ನೀರಿಗೆ ಅದರ ಒಂದು ಮೂಲೆ ಎದ್ದಿತ್ತು. ಉಗುರಿನಲ್ಲಿ ಎತ್ತಿ ಎಳೆದೆ. ಕೆಳಗೆ ದೀಪದ ಮೈಯಲ್ಲೇ ಅಚ್ಚಾಗಿ ಕಂಡಿದ್ದು ‘ಐಪಿ20’.

ವೈರ್‌ಮನ್ ಏನಾದರೂ ಬದಲಿಸಿದರೇ ಅಂತ ನೀವು ಕೇಳಬಹುದು. ಒಂದು ಗೋಡೆ ದೀಪ ಇನ್ನೂ ಹಾಕದೆ ಬಾಕ್ಸಿನಲ್ಲೇ ಉಳಿದಿತ್ತು. ಅದನ್ನು ಸೀಲ್ ಒಡೆಯುವುದರಿಂದ ಹಿಡಿದು ಸ್ಟಿಕ್ಕರ್ ಕೀಳುವ ತನಕ ನಿಲ್ಲಿಸದೆ ವಿಡಿಯೊ ಮಾಡಿದ್ದೇನೆ. ಅದರಲ್ಲೂ ಸ್ಟಿಕ್ಕರ್ ಕೆಳಗೆ 20.

ನಿಮಗೆ ಇದೆಲ್ಲ ಗೊತ್ತೇ ಇರುತ್ತದೆ. ಆದರೂ ದಾಖಲೆಗೆ ಇರಲಿ ಅಂತ ಬರೆಯುತ್ತಿದ್ದೇನೆ. ಐಪಿ ಆದ ಮೇಲೆ ಬರುವ ಮೊದಲ ಅಂಕಿ ಬೆರಳು, ಧೂಳಿನಂಥವು ಒಳಗೆ ಹೋಗದಂತೆ ತಡೆಯುವುದಕ್ಕೆ ಸಂಬಂಧಿಸಿದ್ದು, ಎರಡನೆಯದು ನೀರಿಗೆ. 65 ಅಂದರೆ ಧೂಳು ಒಳಗೆ ಹೋಗಬಾರದು, ಯಾವ ದಿಕ್ಕಿನಿಂದ ಪೈಪಿನಲ್ಲಿ ನೀರು ಹೊಡೆದರೂ ತಡೆಯಬೇಕು. 20 ಅಂದರೆ ಬೆರಳು ಒಳಗೆ ಹೋಗದಿದ್ದರೆ ಸಾಕು. ನೀರಿಗೆ ಯಾವ ತಡೆಯೂ ಇಲ್ಲ. ಅದು ಮನೆಯೊಳಗಿನ ಗೋಡೆಗೆ ಹಾಕುವ ದೀಪ. ಬಾಕ್ಸಿನ ಮೇಲೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಹಾಕಿದ್ದೀರಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಹುಡುಕಿದೆ. ಆ ಸಂಖ್ಯೆಯ ಅಡಿಯಲ್ಲಿ ಈ ದೀಪದ ಮಾಡೆಲ್ ನಂಬರೇ ಇಲ್ಲ.

ಇದು ಬರೀ ದುಡ್ಡಿನ ವಿಷಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ದೀಪದ ಮೈ ಲೋಹದ್ದು. ಕೂತಿರುವುದು ಕಬ್ಬಿಣದ ಗೇಟಿನ ಪಕ್ಕದಲ್ಲಿ. ಬೆಳಿಗ್ಗೆ ಹಾಲು ತರುವ ಹುಡುಗ ಒದ್ದೆ ಕೈಯಲ್ಲೇ ಆ ಗೇಟು ತೆಗೆಯುತ್ತಾನೆ. ನಮ್ಮಲ್ಲಿ ಅರ್ಥಿಂಗ್ ಸರಿಯಿತ್ತು, 30 ಮಿಲಿಆಂಪಿಯರ್ ಸೋರಿದರೆ ಬೀಳುವ ಆರ್‌ಸಿಸಿಬಿ ಇತ್ತು, ಬಚಾವಾದೆವು. ಅದಿಲ್ಲದ ಮನೆಗಳು ನಮ್ಮ ಊರಿನಲ್ಲೇ ಬೇಕಾದಷ್ಟಿವೆ. ಅಲ್ಲಿಗೂ ಇದೇ ದೀಪ ಕಳಿಸಿದ್ದೀರಾ?

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ನಿಮ್ಮವರು ಕೊಟ್ಟ ಉತ್ತರ ಕೇಳಿ: ‘ಒಳಗೆ ನೀರು ಹೋಗಿದ್ದರೆ ವಾರಂಟಿ ಬರಲ್ಲ ಮೇಡಂ, ಅದು ಗ್ರಾಹಕರ ಕಡೆಯಿಂದ ಆದ ಹಾನಿ.’ ಹೊರಗೆ ಹಾಕುವ ದೀಪಕ್ಕೆ ಎರಡು ವರ್ಷ ವಾರಂಟಿ, ಆದರೆ ನೀರು ತಾಗಬಾರದು! ಮಳೆಯನ್ನು ನಾನು ಕರೆಸಿದ್ದಲ್ಲ ಅಲ್ವಾ?

ಇನ್ನು ಒಳಗಿನ ದೀಪಗಳು. ಇಲ್ಲಿ ಸ್ವಲ್ಪ ತಪ್ಪು ನನ್ನದೂ ಇದೆ. ಹಾಲಿಗೆ, ಅಡುಗೆಮನೆಗೆ ಬಿಳಿ ಬೆಳಕು ಇರಲಿ ಅಂತ ನಾನೇ ಒಪ್ಪಿದ್ದು. ಆ ಹತ್ತನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಎರಡು ಮಲಗುವ ಕೋಣೆ, ದೇವರ ಕೋಣೆ, ಜಗಲಿ, ಇಷ್ಟಕ್ಕೆ 3000 ಕೆಲ್ವಿನ್‌ನ ಹಳದಿ ಬೆಳಕು ಬೇಕು ಅಂತ ಬರೆದು ಕಳಿಸಿದ್ದೆ. ಬಿಲ್ಲಿನಲ್ಲೂ 14 ದೀಪ 3000 ಅಂತಲೇ ಇದೆ. ಬಂದದ್ದು 24ಕ್ಕೆ 24 ಕೂಡ 6500, ಅಂದರೆ ಬಿಳಿ ಬೆಳಕಿನವು. ಗೃಹಪ್ರವೇಶದ ಗಡಿಬಿಡಿ, ಸೀಲಿಂಗ್ ಕೆಲಸದವರು ಕಾಯುತ್ತಿದ್ದರು, ಸುಮ್ನೆ ಹಾಕಿಸಿಬಿಟ್ಟೆವು. ಮರುದಿನವೇ ಫೋನ್ ಮಾಡಿದೆ. ‘ಬಿಳಿ ಅಂದರೆ ಬೆಳಕು ಜಾಸ್ತಿ, ಒಳ್ಳೇದೇ ಆಯ್ತಲ್ಲ’ ಅಂದರು.

ಜಾಸ್ತಿ ಅನ್ನೋದು ನಿಜ. ಅದೂ ಒಂದು ತೊಂದರೆಯೇ. ಹತ್ತಡಿ ಹನ್ನೊಂದಡಿಯ ಕೋಣೆಗೆ ನಾಲ್ಕು ದೀಪ ಅಂತ ಪ್ಲಾನ್ ಮಾಡಿಕೊಟ್ಟವರು ನಿಮ್ಮ ಸಲಹೆಗಾರರೇ. ಒಂದೊಂದರ ಬಾಕ್ಸಿನ ಮೇಲೂ 1200 ಲೂಮೆನ್ (ಬೆಳಕಿನ ಅಳತೆ) ಅಂತಿದೆ. ಹಳೇ ನೂರು ವ್ಯಾಟಿನ ಗುಂಡು ಬಲ್ಬು ಕೊಡುತ್ತಿದ್ದದ್ದು ಸುಮಾರು 1300. ಅಂದರೆ ಮಲಗುವ ಕೋಣೆಯಲ್ಲಿ ನೂರರ ಬಲ್ಬು ಮೂರೂಮುಕ್ಕಾಲು ಉರಿದ ಹಾಗೆ, ಅದೂ ನೆತ್ತಿಯ ಮೇಲೆ, ನೀಲಿ ಛಾಯೆಯ ಬಿಳಿಯಲ್ಲಿ. ನಮ್ಮತ್ತೆ ‘ಆಪರೇಷನ್ ಥಿಯೇಟರ್’ ಅಂತಾರೆ. ನಾವೀಗ ಎರಡು ದೀಪದ ವೈರು ಬಿಡಿಸಿ ಇಟ್ಟಿದ್ದೇವೆ.

ಜಗಲಿಯದ್ದು ಬೇರೆಯೇ ಕತೆ. ಹೋದ ವರ್ಷದ ಕೆಂಪಡಿಕೆ ಸ್ವಲ್ಪ ಮಾರದೆ ಇಟ್ಟಿದ್ದೆವು. ಜುಲೈಯಲ್ಲಿ ರೇಟು ನೋಡಿ, ರಾತ್ರಿ ಜಗಲಿಯಲ್ಲಿ ಕೂತು ಆರಿಸಲು ಶುರು ಮಾಡಿದೆವು. ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ದರ್ಜೆ ಬೇರೆ ಮಾಡುವಾಗ ಆಕಾರದ ಜೊತೆ ಬಣ್ಣವನ್ನೂ ನೋಡಬೇಕು. ನಿಮ್ಮ ದೀಪದಡಿ ಎಲ್ಲವೂ ಒಂದೇ ಬೂದುಗೆಂಪು. ಬೆಳಿಗ್ಗೆ ಅಂಗಳಕ್ಕೆ ತಂದು ನೋಡಿದರೆ ರಾಶಿಯ ಬುಟ್ಟಿಯಲ್ಲಿ ಬಣ್ಣಗೆಟ್ಟ ಅಡಿಕೆ ಸೇರಿತ್ತು. ಎರಡು ರಾತ್ರಿಯ ಕೆಲಸ ಮತ್ತೆ ಮಾಡಿದೆವು. ಕೆಂಪನ್ನು ಸರಿಯಾಗಿ ತೋರಿಸದ ಅಗ್ಗದ ಎಲ್‌ಇಡಿಗಳು ಇರುತ್ತವೆ, ನೀವು ಕಳಿಸಿದ್ದು ಅಂಥದ್ದೇ ಅನ್ನಿಸುತ್ತದೆ. ಹಳೇ ಮನೆಯಿಂದ ಒಂದು ಗುಂಡು ಬಲ್ಬು ತಂದು, ವೈರು ಇಳಿಬಿಟ್ಟು ಕೆಲಸ ಮುಗಿಸಿದೆವು.

ಫ್ಲಡ್‌ಲೈಟಿನ ಬಗ್ಗೆ ದೂರಿಲ್ಲ. ಅದು ಉರಿಯುತ್ತದೆ, ನೀರೂ ಹೋಗಿಲ್ಲ. ಹುಳ ಬರುತ್ತದೆ, ಬಿಳಿ ಬೆಳಕಿಗೆ ಬಂದೇ ಬರುತ್ತದೆ. ಅದನ್ನು ಹಾಕಿದ ಮೇಲೆ ಅಂಗಳದಂಚಿನ ಮಿಂಚುಹುಳಗಳು ಕಾಣದಾದವು, ಅದಕ್ಕೆ ನಾವೇ ಬೇಕಾದಾಗ ಮಾತ್ರ ಸ್ವಿಚ್ ಹಾಕುವ ರೂಢಿ ಮಾಡಿಕೊಂಡಿದ್ದೇವೆ.

ನಾನು ಕೇಳುವುದು ಇಷ್ಟು. ಹೊರಗಿನ 10 ದೀಪಗಳಿಗೆ ಕೊಟ್ಟ 17,400 ರೂಪಾಯಿ ಪೂರ್ತಿ ವಾಪಸ್ ಬರಬೇಕು. ಬದಲಿ ದೀಪ ಕಳಿಸುತ್ತೇವೆ ಅನ್ನಬೇಡಿ, ಸ್ಟಿಕ್ಕರಿನ ಮೇಲೆ ನನಗೆ ನಂಬಿಕೆ ಉಳಿದಿಲ್ಲ. ಒಳಗಿನ 14 ದೀಪಗಳನ್ನು ಬಿಲ್ಲಿನಲ್ಲಿ ಇರುವಂತೆ 3000 ಕೆಲ್ವಿನ್‌ನದ್ದಕ್ಕೆ ಬದಲಿಸಿ. ದೀಪ ಬಿಚ್ಚಿ ಹುಡುಕಿದ್ದಕ್ಕೆ ವೈರ್‌ಮನ್‌ಗೆ ಕೊಟ್ಟ 1,800 ರೂಪಾಯಿಯನ್ನೂ ಕೊಡಿ, ಅವರ ಚೀಟಿ ಲಗತ್ತಿಸಿದ್ದೇನೆ. ಇದೇ ಮಾಡೆಲಿನ ದೀಪ ಕೊಂಡ ಉಳಿದವರಿಗೂ ತಿಳಿಸಿ, ಮಾರುವುದು ನಿಲ್ಲಿಸಿದ್ದೀರಾ ಇಲ್ಲವಾ ಅಂತ ಬರವಣಿಗೆಯಲ್ಲಿ ಹೇಳಿ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಬಿಐಎಸ್‌ಗೂ ಬರೆಯುತ್ತೇನೆ. ಇಲ್ಲದ ಗುಣಮಟ್ಟ ಇದೆ ಅಂತ ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ನಿಮ್ಮ ಕಚೇರಿ ಎಲ್ಲೇ ಇರಲಿ, ನಾನಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶ ಇದೆ. ಐದು ಲಕ್ಷದೊಳಗಿನ ಖರೀದಿಗೆ ಶುಲ್ಕವೂ ಇಲ್ಲ. ಶಿವಮೊಗ್ಗಕ್ಕೆ ಅಡಿಕೆ ಮಂಡಿಗೆ ಹೇಗೂ ಹೋಗಿಬರುತ್ತಿರುತ್ತೇವೆ.

ಹತ್ತೂ ದೀಪಗಳನ್ನು ಒಣಗಿಸಿ, ಅವುಗಳದೇ ಬಾಕ್ಸಿನಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದೇನೆ. ಎರಡರ ಸ್ಟಿಕ್ಕರ್ ಕಿತ್ತಿದ್ದೇನೆ, ಉಳಿದವು ಹಾಗೇ ಇವೆ. ಒಯ್ಯಲು ಬರುವವರು ಹಿಂದಿನ ದಿನವೇ ಫೋನ್ ಮಾಡಲಿ. ಗೇಟಿನಲ್ಲಿ ಈಗ ದೀಪ ಇಲ್ಲ, ಕತ್ತಲಾಗುವ ಮೊದಲೇ ಬರಲಿ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಬಿಲ್ಲಿನ ನಕಲು, ವಾಟ್ಸಾಪ್ ಮಾತುಕತೆಯ ಪ್ರತಿ, 9 ಫೋಟೊ, 1 ವಿಡಿಯೊ, ವೈರ್‌ಮನ್ ಕೊಟ್ಟ ಚೀಟಿ